ಕಿವಿಯಣ್ಣ ಆರಿಸಿದ ಜನರೇಟರ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸಿದ್ದಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ. ಯಂತ್ರಕ್ಕೆ ಏನೇ ಕಾಯಿಲೆ ಬರಲಿ, ಅವನು ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಉದ್ದನೆಯ ಒಂದು ಸ್ಕ್ರೂಡ್ರೈವರ್. ಅದರ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಈ ಬೇರಿಂಗು ಮುಂದಿನ ತಿಂಗಳನ್ನ ನೋಡಲ್ಲ" ಎನ್ನುತ್ತಿದ್ದ. ಅದು ನೋಡುತ್ತಲೂ ಇರಲಿಲ್ಲ.

ಗದ್ದಲದಿಂದ ಕಿವಿ ಕಾಪಾಡಿಕೊಳ್ಳಲೆಂದು ಆಸ್ಪತ್ರೆಯವರು ಎರಡು ದಪ್ಪ ಮುಚ್ಚಳಗಳ ಪಟ್ಟಿಯೊಂದನ್ನು ಕೊಟ್ಟಿದ್ದರು. ಅದನ್ನು ಅವನು ಚಹಾದ ಫ್ಲಾಸ್ಕಿಗೆ ತೊಡಿಸಿಟ್ಟಿದ್ದ, ಬಿಸಿ ಆರದಿರಲಿ ಎಂದು. ಯಾರಾದರೂ ಕೇಳಿದರೆ, "ಕಿವಿ ಮುಚ್ಚಿಕೊಂಡು ಎದೆ ಬಡಿತ ಕೇಳೋ ಡಾಕ್ಟರನ್ನ ಎಲ್ಲಾದ್ರೂ ಕಂಡಿದ್ದೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಈ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಕಿವಿಯ ಡಾಕ್ಟರೂ ಒಬ್ಬರಿದ್ದರು ಎನ್ನುವುದನ್ನು ಸದ್ಯಕ್ಕೆ ಬದಿಗಿಡೋಣ.

ದೋಷ ಹುಡುಕುವುದಕ್ಕೂ ಅವನದೇ ಒಂದು ಪದ್ಧತಿ ಇತ್ತು. ಊಹೆ ಮಾಡುವ ಹಾಗಿಲ್ಲ. ಕರೆಂಟು ಬರುವ ಕಡೆಯಿಂದ ಹೊರಟು ಒಂದೊಂದೇ ಭಾಗವನ್ನು ಪರೀಕ್ಷಿಸಬೇಕು, ಸರಿಯಾಗಿದ್ದರೆ ಸೀಮೆಸುಣ್ಣದಲ್ಲಿ ಅದರ ಮೇಲೊಂದು ಗೀಟೆಳೆದು ಮುಂದಕ್ಕೆ ಹೋಗಬೇಕು. ಕೊನೆಗೆ ಗೀಟು ಬೀಳದೆ ಉಳಿದದ್ದು ಯಾವುದೋ ಅದೇ ಕಳ್ಳ. ಹೀಗಾಗಿ ಅವನ ಅಂಗಿಯ ಜೇಬು ವರ್ಷವಿಡೀ ಬೆಳ್ಳಗಿರುತ್ತಿತ್ತು. ಒಗೆಯುವ ಹೆಂಡತಿಗೆ ಮಾತ್ರ ಅದು ತಲೆನೋವು.

ಆ ಹೆಂಡತಿಯೂ ಅದೇ ಆಸ್ಪತ್ರೆಯವಳೇ. ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಫೋನುಗಳನ್ನು ಅಲ್ಲಿಂದಿಲ್ಲಿಗೆ ಜೋಡಿಸುತ್ತಿದ್ದ ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ತೆಳ್ಳಗಿನ, ಎತ್ತರದ, ಎಳೆ ಎಳೆಯಾಗಿ ಬಿಡಿಸಿಟ್ಟಂಥ ದನಿ. ಕರೆಂಟು ಹೋದ ತಕ್ಷಣ ಅವಳ ಮೊದಲ ಫೋನು ನೆಲಮಾಳಿಗೆಗೆ. ಅಲ್ಲಿ ಗಂಟೆಯ ಸದ್ದು ಕೇಳಿಸುವುದು ಕಷ್ಟವೆಂದು ಗೋಡೆಗೊಂದು ಕೆಂಪು ದೀಪ ಹಾಕಿದ್ದರು. ಅದು ಹತ್ತಿಕೊಂಡರೆ ಕಿವಿಯಣ್ಣನ ಒಂದು ಕೈ ಸ್ಟಾರ್ಟರಿನ ಮೇಲೆ, ಇನ್ನೊಂದು ಕೈಯಲ್ಲಿ ರಿಸೀವರು. "ನೆಲಮಾಳಿಗೆಯಾ? ಮೇಲೆ ಕತ್ತಲಾಗಿದೆ" ಎನ್ನುವಳು ಅವಳು. "ಈಗ ಬಂತು" ಎನ್ನುವನು ಇವನು. ಇಷ್ಟೇ ಮಾತು. ಆದರೆ ಈ ಇಷ್ಟೇ ಮಾತಿಗಾಗಿ ಕರೆಂಟು ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದವನು ಇಡೀ ಆಸ್ಪತ್ರೆಯಲ್ಲಿ ಅವನೊಬ್ಬನೇ. ಮುಖ ನೋಡುವುದಕ್ಕೂ ಮೊದಲೇ ಅವನು ಆ ದನಿಗೆ ಸೋತುಹೋಗಿದ್ದ. ಮದುವೆಯಾದ ಮೇಲೆ ಗೊತ್ತಾಯಿತು, ಗೂಡಿನಲ್ಲಿ ಅಳೆದು ತೂಗಿ ಮಾತಾಡುತ್ತಿದ್ದವಳು ಮನೆಯಲ್ಲಿ ಮಾತಿನ ಮಲ್ಲಿ ಎಂದು. ಅಡಿಗೆ ಮಾಡುತ್ತ, ಬಟ್ಟೆ ಮಡಿಸುತ್ತ, ನಿದ್ದೆ ಹತ್ತುವ ತನಕ ಏನಾದರೊಂದು ಹೇಳುತ್ತಲೇ ಇರುವಳು. ಅವನಿಗೆ ಅದು ಇಷ್ಟ. ಕೆಳಗಿನ ಗುಡುಗುಡು ಮುಗಿಸಿ ಬಂದವನಿಗೆ ಆ ಮಾತು ಕೇಳಿದರೆ ಮೈ ಹಗುರವಾಗುತ್ತಿತ್ತು.

ಅದು ಹಳೆಯ ಮಾತು. ವರ್ಷ ಕಳೆದಂತೆ ಫೋನಕ್ಕ ಮೌನಿಯಾದಳು. ಒಂದೇ ಸಲಕ್ಕೆ ಅಲ್ಲ, ನಲ್ಲಿಯ ನೀರು ಬರಬರುತ್ತ ಸಣ್ಣಗಾದ ಹಾಗೆ. "ಊಟ", "ಬಾಗಿಲು", "ಹೊತ್ತಾಯ್ತು" ಎಂಬಷ್ಟಕ್ಕೆ ಬಂದು ನಿಂತಿತು. ಅದನ್ನೂ ಎದುರಿಗೆ ಬಂದು ನಿಂತು, ಕೈ ತೋರಿಸಿ ಹೇಳುತ್ತಿದ್ದಳು. ಕಿವಿಯಣ್ಣ ಮೊದಮೊದಲು, ವಯಸ್ಸಾಯಿತಲ್ಲ, ಅದಕ್ಕೇ ಎಂದುಕೊಂಡ. ಆಮೇಲೆ, ತನ್ನ ಮೇಲೆ ಯಾವುದೋ ಸಿಟ್ಟು ಕೂತಿರಬೇಕು ಎಂದುಕೊಂಡ. ದುಡಿಯುವ ವಯಸ್ಸನ್ನೆಲ್ಲ ನೆಲದಡಿಯಲ್ಲಿ ಕಳೆದ, ಅವಳನ್ನು ಒಂದು ದಿನವೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಸಿಟ್ಟು ಬರದೆ ಇನ್ನೇನು? ಇದನ್ನು ಅವನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿದವನಲ್ಲ. ಒಳಗೊಳಗೇ ಕೊರಗುತ್ತಿದ್ದ ಅಷ್ಟೆ.

ನಿವೃತ್ತಿಯಾದ ಮೇಲೆ ಅವನು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಆಸ್ಪತ್ರೆಯವರು ಮೂಲೆಗೆ ತಳ್ಳಿದ್ದ ರಕ್ತದಾನದ ವ್ಯಾನನ್ನು ಕೊಂಡು ತಂದದ್ದು. ಮನೆ ಮುಂದೆ ಅದು ಬಂದು ನಿಂತ ದಿನ ಮಗಳು ಸೊಂಟಕ್ಕೆ ಕೈ ಕೊಟ್ಟು ನೋಡಿದಳು. ಪಕ್ಕದ ಬೀದಿಯಲ್ಲೇ ಸಂಸಾರ ಹೂಡಿರುವ ಅವಳು ಅಪ್ಪನ ದಪ್ಪ ಗಂಟಲನ್ನೇ ಪಡೆದು ಹುಟ್ಟಿದವಳು. ಅವಳು ಪಿಸುಗುಟ್ಟಿದರೂ ಎದುರು ಮನೆಗೆ ಸುದ್ದಿ.

"ಅಪ್ಪಾ, ಇದೇನು ಇನ್ನುಮೇಲೆ ಮನೆಮನೆಗೆ ಹೋಗಿ ರಕ್ತ ಹೀರ್ತೀಯಾ?"

"ನಿಮ್ಮಮ್ಮನ್ನ ಊರೂರು ಸುತ್ತಿಸ್ತೀನಿ. ಎರಡು ಮಂಚ ಆಗಲೇ ಇದೆ, ನೋಡು. ಒಲೆ, ಫ್ರಿಜ್ಜು, ಫ್ಯಾನು ಹಾಕಿದ್ರೆ ಮನೆಯೇ."

ಮಂಚಗಳೇನೋ ಇದ್ದವು. ಮಲಗಿ ರಕ್ತ ಕೊಡುವುದಕ್ಕೆ ಮಾಡಿದ್ದರಿಂದ ಒಂದೊಂದಕ್ಕೂ ತೋಳು ಚಾಚಿಡಲು ಒಂದೊಂದೇ ಕೈ ಇತ್ತು. ಅವನು ಅವನ್ನು ಬಿಚ್ಚಿ, ಅಗಲ ಮಾಡಿ, ಹೊಸ ಹಾಸಿಗೆ ಹೊಲಿಸಿದ. ಗೋಡೆಗೆ ಮಡಚುವ ಮೇಜು ಜೋಡಿಸಿದ. ಹೊರಗಿದ್ದ ಕೆಂಪು ಹನಿಯ ಚಿತ್ರಕ್ಕೆ ಬಣ್ಣ ಬಳಿದ. ಎಷ್ಟು ಬಳಿದರೂ ಅದು ಮಸುಕಾಗಿ ಇಣುಕುತ್ತಲೇ ಇತ್ತು. ದಾರಿಯಲ್ಲಿ ಹೋಗುವವರೊಬ್ಬರು ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದು ಕೂತೂ ಬಿಟ್ಟಿದ್ದರು. ಪುಣ್ಯಾತ್ಮರನ್ನು ಚಹಾ ಕೊಟ್ಟು ಕಳಿಸಬೇಕಾಯಿತು.

ಫೋನಕ್ಕ ಇದನ್ನೆಲ್ಲ ದೂರ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಒಂದು ಮಧ್ಯಾಹ್ನ ಎದುರಿಗೆ ಬಂದು ನಿಂತು, ಒಂದೊಂದೇ ಮಾತನ್ನು ಎಣಿಸಿ ಇಟ್ಟ ಹಾಗೆ ಗಟ್ಟಿಯಾಗಿ ಹೇಳಿದಳು: "ಇದರಲ್ಲಿ ಜನರೇಟರ್ ಸದ್ದು ಇದ್ರೆ ನಾನು ಬರಲ್ಲ."

ಇದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಎದೆಯೂ ಹಗುರಾಯಿತು. ಸದ್ದಿಲ್ಲದ ಜನರೇಟರನ್ನು ಆರಿಸುವುದು! ಊರಿನಲ್ಲಿ ಬೇರೆ ಯಾರಿಗೆ ಈ ಷರತ್ತು ಹಾಕಿದ್ದರೂ ಅವರು ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು. ಕಿವಿಯಣ್ಣನಿಗೆ ಹಾಕಿದ್ದಾಳೆ ಪಾಪ, ಎಂದು ಅವನು ಮೀಸೆಯೊಳಗೇ ನಕ್ಕ. ಒಳ್ಳೆಯ ಯಂತ್ರ ತಂದಿಟ್ಟರೆ ಅವಳು ವ್ಯಾನು ಹತ್ತುತ್ತಾಳೆ, ವ್ಯಾನು ಹತ್ತಿದರೆ ಸಿಟ್ಟು ಇಳಿಯುತ್ತದೆ, ಸಿಟ್ಟು ಇಳಿದರೆ ಮಾತು ಮರಳಿ ಬರುತ್ತದೆ. ಅವನ ಲೆಕ್ಕಾಚಾರ ಇಷ್ಟು ನೇರ.

ಜನರೇಟರಿನ ಅಂಗಡಿಯವನು ಹಳೆಯ ಪರಿಚಯ. ಬೆಟ್ಟದಂಥ ಆಳು, ನಗಾರಿಯಂಥ ದನಿ. ಆಸ್ಪತ್ರೆಗೆ ಬಿಡಿಭಾಗ ಕೊಡುತ್ತಿದ್ದ ಕಾಲದಿಂದಲೂ ಕಿವಿಯಣ್ಣನೆಂದರೆ ಅವನಿಗೆ ಭಯ ಭಕ್ತಿ ಎರಡೂ. ಪರೀಕ್ಷಿಸಿ ನೋಡುವ ದಿನ ಫೋನಕ್ಕ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಿದ್ದಳು. "ನೀನ್ಯಾಕೆ ಧೂಳಲ್ಲಿ? ಇದು ನನ್ನ ಇಲಾಖೆ" ಎಂದು ಅವಳನ್ನು ಬಾಗಿಲಲ್ಲೇ ಬಿಟ್ಟು ಹೋದ. ಎಂಥ ಜಂಬ ನೋಡಿ. ಅವಳ ಕಿವಿಗಾಗಿ ತರುವ ವಸ್ತುವಿಗೆ ಅವಳ ಕಿವಿಯೇ ಬೇಡವಾಯಿತು.

ಅಂಗಡಿಯ ಹಿಂದಿನ ಅಂಗಳದಲ್ಲಿ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲನೆಯದು ಡೀಸೆಲ್ಲಿನದು, ಹಳದಿ ಬಣ್ಣ. ಸ್ಟಾರ್ಟ್ ಮಾಡಿದ್ದೇ ತಡ ಕಿಟಕಿಯ ಗಾಜು ನಡುಗಿತು. "ಇದನ್ನ ತಗೊಂಡ್ರೆ ಹೋಗೋ ಊರಿಗೆಲ್ಲ ನಾವು ಬರೋದು ಮೊದಲೇ ಗೊತ್ತಾಗುತ್ತೆ" ಎಂದ ಕಿವಿಯಣ್ಣ. ಎರಡನೆಯದು ಕೈಯಲ್ಲಿ ಎತ್ತುವಷ್ಟು ಚಿಕ್ಕದು. ದೀಪಕ್ಕೆ, ಫ್ಯಾನಿಗೆ ಸಾಕು. ಆದರೆ ಫ್ರಿಜ್ಜು ಹೊರಡುವಾಗ ಒಂದು ಕ್ಷಣ ಮೂರು ಪಟ್ಟು ಕರೆಂಟು ಕೇಳುತ್ತದೆ, ಆಗ ಇದು ಉಸಿರುಗಟ್ಟಿ ನಿಲ್ಲುತ್ತದೆ ಎಂದು ಅವನು ನೋಡಿದ ಕೂಡಲೇ ಹೇಳಿದ. ಮೂರನೆಯದು ಬೂದು ಬಣ್ಣದ್ದು. ಅಂಗಡಿಯವನು ಅದನ್ನು ಚಾಲೂ ಮಾಡಿ, ಮಗುವನ್ನು ತೋರಿಸುವವನಂತೆ ಪಕ್ಕಕ್ಕೆ ಸರಿದು ನಿಂತ.

"ಇದು ತುಂಬ ಮೆತ್ತಗೆ ಅಣ್ಣಾ. ಎಲ್ಲರೂ ಇದನ್ನೇ ಕೇಳೋದು."

ಕಿವಿಯಣ್ಣ ತಲೆ ವಾರೆ ಮಾಡಿ ಕೇಳಿದ. "ಗೊಣಗುತ್ತೆ."

"ಗೊಣಗುತ್ತಾ?"

"ತಳದಲ್ಲಿ ಒಂದು ಗುಂಯ್ ಇದೆ. ಅವಳಿಗೆ ಆಗಲ್ಲ. ಅದು ಯಾವುದು, ಮೂಲೆಯಲ್ಲಿ, ಕೆಂಪಗೆ?"

ಅಂಗಡಿಯವನ ಮುಖ ಸಪ್ಪಗಾಯಿತು. "ಅದು ಒಂದು ಸಲ ಹೊರಗೆ ಹೋಗಿ ವಾಪಸ್ ಬಂದಿದೆ ಅಣ್ಣಾ."

"ಹಾಕು, ನೋಡೋಣ."

ಹಾಕಿದ. ಕಿವಿಯಣ್ಣ ಕಾದ. ಗುಡುಗುಡು ಇಲ್ಲ, ಗುಂಯ್ ಇಲ್ಲ. ಬಗ್ಗಿ ಅದರ ಮೈ ಮುಟ್ಟಿ ನೋಡಿದರೆ ಸಣ್ಣಗೆ ಬಿಸಿ, ಸಣ್ಣಗೆ ಕಂಪನ. ಮೀಟರು ಹಚ್ಚಿದರೆ ಕರೆಂಟು ಏರಿಳಿತವಿಲ್ಲದೆ ಬರುತ್ತಿದೆ. ಇಷ್ಟು ಚಂದದ ಯಂತ್ರವನ್ನು ವಾಪಸ್ ಕೊಟ್ಟವನು ಎಂಥ ಪೆದ್ದನಿರಬೇಕು!

"ಓಡ್ತಾ ಇದ್ಯಾ ಅಂತ ಮುಟ್ಟಿ ನೋಡಬೇಕು, ಅಷ್ಟು ಸುಮ್ಮನಿದೆ" ಎಂದ.

ಅಂಗಡಿಯವನು ಒಂದು ಕಿವಿಗೆ ಬೆರಳು ತುರುಕಿಕೊಂಡು ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. "ಅಣ್ಣಾ, ನಿಜವಾಗಲೂ ಇದೇ ಬೇಕಾ?"

"ಯಾಕೆ, ಸದ್ದಿನ ವಿಷಯ ನನಗೇ ಹೇಳಿಕೊಡ್ತೀಯೇನು?"

ಆ ಮಾತಿಗೆ ಅಂಗಡಿಯವನು ನಾಲಿಗೆ ಕಚ್ಚಿಕೊಂಡ. ಕಿವಿಯಣ್ಣನೇ ಸರಿ ಎನ್ನುವಾಗ ತಾನು ಯಾವ ಲೆಕ್ಕ? ತನ್ನ ಕಿವಿಯಲ್ಲೇ ಏನೋ ಐಬಿರಬೇಕು ಎಂದುಕೊಂಡು ಕೆಂಪು ಪೆಟ್ಟಿಗೆಯನ್ನು ಕಟ್ಟಿಕೊಟ್ಟ. ಹೆಸರು ಅಂದರೆ ಹೀಗೆ, ಹೊತ್ತವನನ್ನೂ ಕೆಡಿಸುತ್ತದೆ, ಕಂಡವರ ಬಾಯಿಗೂ ಬೀಗ ಹಾಕುತ್ತದೆ.

ವ್ಯಾನಿನ ಹಿಂಬದಿಯಲ್ಲಿ ತಗಡಿನ ಗೂಡು ಮಾಡಿ, ಕೆಳಗೆ ರಬ್ಬರ್ ಹಾಸಿ, ಹೊಗೆಯ ಕೊಳವೆ ಕಿಟಕಿಯಿಂದ ದೂರ ಇರುವಂತೆ ತಿರುಗಿಸಿ ಯಂತ್ರವನ್ನು ಕೂರಿಸಿದ. ಕೆಲಸದಲ್ಲಿ ಎಳ್ಳಷ್ಟೂ ಕುಂದಿಲ್ಲ. ಮೊದಲ ಸಲ ಚಾಲೂ ಮಾಡಿದಾಗ ಪಕ್ಕದ ಮನೆಯ ನಾಯಿ ಎದ್ದು ನಿಂತಿತು. ಅದು ಎಂಥ ನಾಯಿಯೆಂದರೆ, ಕಳ್ಳ ಬಂದರೆ ಮಗ್ಗುಲು ಬದಲಿಸಿ ದಾರಿ ಬಿಡುವಂಥದ್ದು. ಅದು ಈಗ ಮೂತಿ ಮೇಲೆತ್ತಿ ಊಳಿಟ್ಟಿತು. ನಿಲ್ಲಿಸಿದರೆ ಅದೂ ನಿಲ್ಲಿಸಿತು. ಹಾಕಿದರೆ ಮತ್ತೆ ಊಳು. ನಾಯಿಗೆ ವಯಸ್ಸಾಯಿತು, ಬುದ್ಧಿ ಕೆಟ್ಟಿದೆ ಎಂದು ಕಿವಿಯಣ್ಣ ತೀರ್ಮಾನಿಸಿದ.

ಆ ಸಂಜೆಯೇ ಹೆಂಡತಿಯನ್ನು ಒಳಗೆ ಕೂರಿಸಿದ. ಹೊಸ ಹಾಸಿಗೆ, ಮಡಚುವ ಮೇಜು, ಮೇಜಿನ ಮೇಲೆ ಒಂದು ಲೋಟ ನೀರು. ನೀರು ಅಲುಗಾಡುವುದಿಲ್ಲ ನೋಡು ಎಂದು ತೋರಿಸುವುದಕ್ಕೆ ಅದು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವನು ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು, ಲೋಟದ ನೀರು ಮಿಸುಕಲಿಲ್ಲ. ಅವನು ಎರಡೂ ಕೈ ಚಾಚಿ, "ಹೇಗೆ?" ಎಂಬಂತೆ ನಿಂತ. ಅವನ ಮುಖದಲ್ಲಿದ್ದ ಬೆಳಕು ಆ ದೀಪಕ್ಕಿಂತ ಹೆಚ್ಚಿತ್ತು.

ಫೋನಕ್ಕ ಅವನನ್ನೇ ನೋಡಿದಳು. ಅವಳ ಹುಬ್ಬು ಗಂಟಾಯಿತು, ಭುಜ ಕಿವಿಯ ಕಡೆಗೆ ಏರಿತು. ಏನೋ ಹೇಳಿದಳು. ಆಮೇಲೆ ಎದ್ದು, ಅವನ ಪಕ್ಕದಿಂದಲೇ ಇಳಿದು, ತಿರುಗಿ ನೋಡದೆ ಅಡಿಗೆಮನೆಗೆ ಹೋದಳು.

"ಅಪ್ಪಾ, ಅದು ಕಿರುಚ್ತಾ ಇದೆ!" ಎಂದಳು ಮಗಳು.

"ಯಾವುದು?"

"ನಿನ್ನ ಜನರೇಟರ್! ಕಿವಿಗೆ ಸೂಜಿ ಚುಚ್ಚಿದ ಹಾಗಿದೆ."

ಅವನು ಯಂತ್ರವನ್ನು ನೋಡಿದ. ಅದು ಸಾಧುವಿನಂತೆ ಕೂತಿತ್ತು. ಓಹೋ, ತಾಯಿ ಮಗಳು ಒಂದಾಗಿದ್ದಾರೆ ಎಂದು ಅವನಿಗೆ ಹೊಳೆಯಿತು. ಬರುವ ಮನಸ್ಸಿಲ್ಲ, ಅದನ್ನು ಬಾಯಿ ಬಿಟ್ಟು ಹೇಳಲು ಆಗದೆ ಬಡ ಯಂತ್ರದ ಮೇಲೆ ಹಾಕುತ್ತಿದ್ದಾರೆ. ಅವನಿಗೆ ತುಂಬ ನೋವಾಯಿತು. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು, "ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬಿಡು. ಯಾಕೆ ಸುಮ್ನೆ ಷರತ್ತು, ನಾಟಕ?" ಎಂದು ರೇಗಿದ. ಅವಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಕೈ ನಿಂತಿತು. ತಿರುಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ ಎಂದು ಅವನು ಎಣಿಸಿದ. ಅವಳು ಆ ಗೋಡೆಗೆ ಮುಖ ಮಾಡಿ ಎಷ್ಟು ಹೇಳಿದಳೆಂಬುದು ಹಿಂದೆಯೇ ಬಂದಿದ್ದ ಮಗಳಿಗೆ ಮಾತ್ರ ಗೊತ್ತು. ಮಗಳು ಕಣ್ಣೊರೆಸಿಕೊಂಡು ತನ್ನ ಮನೆಗೆ ಹೊರಟುಹೋದಳು.

ಮರುದಿನ ಬೆಳಿಗ್ಗೆ ಕಿವಿಯಣ್ಣ ಮುಖ ಗಂಟಿಕ್ಕಿಕೊಂಡೇ ವ್ಯಾನಿನ ಮುಂಭಾಗದಲ್ಲಿ ಕೂತಿದ್ದ. ಪ್ರಯಾಣ ಇಲ್ಲದಿದ್ದರೆ ಬೇಡ, ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವನದಲ್ಲ. ಅಲ್ಲಿ ಉಳಿದಿದ್ದ ಕೆಲಸವೆಂದರೆ ಫೋನು. ಡ್ರೈವರ್ ಕೂರುವ ಜಾಗಕ್ಕೂ ಹಿಂದಿನ ಕೋಣೆಗೂ ನಡುವೆ ತಗಡಿನ ಗೋಡೆ, ಅದರಲ್ಲಿ ಅಂಗೈಯಗಲದ ಗಾಜು. ಗಾಡಿ ಓಡಿಸುವಾಗ ಹಿಂದೆ ಇರುವವಳು ಏನಾದರೂ ಹೇಳಬೇಕೆಂದರೆ? ಅದಕ್ಕಾಗಿ ಅವನು ಆಸ್ಪತ್ರೆಯ ಎರಡು ಹಳೆಯ ಕರಿ ಫೋನುಗಳನ್ನು ತಂದು, ನಡುವೆ ತಂತಿ ಎಳೆದು, ತನ್ನ ಕಡೆಗೆ ಒಂದು ಕೆಂಪು ದೀಪವನ್ನೂ ಜೋಡಿಸಿದ್ದ. ಅವಳಿಗೆ ಹೇಳಿರಲಿಲ್ಲ. ಕಂಡಾಗ ನಗುತ್ತಾಳೆ ಎಂದು ಮುಚ್ಚಿಟ್ಟು, ಆ ಬೆಳಿಗ್ಗೆಯಷ್ಟೇ ಅವಳ ಕಡೆಯದನ್ನು ಗೋಡೆಗೆ ಕೂರಿಸಿದ್ದ.

ಫೋನಕ್ಕ ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಹತ್ತಿ ಬಂದಳು. ಒಗೆದ ಪರದೆಗಳನ್ನು ಕಿಟಕಿಗೆ ಹಾಕಲು ಬಂದಿದ್ದಳು. ಮುನಿಸು ಇದ್ದರೇನು, ಅವಳೂ ಹಿಡಿದ ಕೆಲಸ ಬಿಡುವವಳಲ್ಲ. ಕರಿ ಫೋನು ಕಣ್ಣಿಗೆ ಬಿತ್ತು. ಪರದೆ ಕೆಳಗಿಟ್ಟು, ಸೆರಗಿನಿಂದ ಅದರ ಧೂಳು ಒರೆಸಿ, ಎತ್ತಿಕೊಂಡಳು.

ಮುಂದುಗಡೆ ಕೆಂಪು ದೀಪ ಹತ್ತಿತು. ಎಷ್ಟೋ ಕಾಲದ ಮೇಲೆ ಕಂಡ ದೀಪ. ಕಿವಿಯಣ್ಣ ರಿಸೀವರು ಎತ್ತಿ ಕಿವಿಗೆ ಒತ್ತಿಕೊಂಡ.

ಏನೂ ಇಲ್ಲ.

ಗಾಜಿನಲ್ಲಿ ನೋಡಿದ. ಅವಳ ತುಟಿ ಆಡುತ್ತಿತ್ತು. ಮೊದಲು ಸಣ್ಣ ನಗು ಇತ್ತು, ಆಮೇಲೆ ನಗು ಹೋಗಿ ಬರೀ ಮಾತು ಉಳಿಯಿತು. ಅವಳು ಅವನ ಕಡೆ ನೋಡುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ, ಹಳೆಯ ಗೂಡಿನಲ್ಲಿ ಕೂತಂತೆ ಕೂತು ಹೇಳುತ್ತಲೇ ಇದ್ದಳು. ಇಷ್ಟು ಮಾತು! ಅದೂ ಇವತ್ತೇ ಈ ಹಾಳು ಲೈನು ಕೈಕೊಡಬೇಕೆ? ಅವನು ಗಾಜಿಗೆ ತಟ್ಟಿ, "ಮಾತಾಡ್ತಾ ಇರು! ಲೈನ್ ನೋಡ್ತೀನಿ!" ಎಂದು ಕೂಗಿ ಜೇಬಿಗೆ ಕೈ ಹಾಕಿದ.

ಬ್ಯಾಟರಿ ನೋಡಿದ. ಸರಿ ಇತ್ತು, ಗೀಟೆಳೆದ. ತಂತಿಯನ್ನು ತುದಿಯಿಂದ ತುದಿಗೆ ನೋಡಿದ. ಸರಿ ಇತ್ತು, ಗೀಟು. ತನ್ನ ರಿಸೀವರಿನ ಹೊಟ್ಟೆ ಬಿಚ್ಚಿ, ಅದರ ಎರಡು ತುದಿಗೆ ಹಳೆಯ ಮುಳ್ಳಿನ ಮೀಟರನ್ನು ಕಚ್ಚಿಸಿದ. ಮುಳ್ಳು ಕುಣಿಯಿತು. ಅವಳ ತುಟಿ ಆಡಿದಾಗ ಕುಣಿಯಿತು, ತುಟಿ ನಿಂತಾಗ ನಿಂತಿತು. ಅವಳು ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿದಳು, ಮುಳ್ಳೂ ಶುರು ಮಾಡಿತು. ರಿಸೀವರೇ ಕೆಟ್ಟಿರಬಹುದೆಂದು ಅದನ್ನು ಹೆಬ್ಬೆರಳಿನಿಂದ ಮೆಲ್ಲನೆ ಮುಟ್ಟಿದ. ಒಳಗಿನ ತೆಳು ತಗಡು ಅವಳ ಒಂದೊಂದು ಮಾತಿಗೂ ಬೆರಳಡಿಯಲ್ಲಿ ಜುಮ್ಮೆನ್ನುತ್ತಿತ್ತು. ಅದೂ ಸರಿ ಇತ್ತು. ಗೀಟೆಳೆದ.

ಮಾತು ಅಲ್ಲಿಂದ ಹೊರಟು ಇಲ್ಲಿಯ ತನಕ ಬಂದಿದೆ. ಬಂದು ಅವನ ಬೆರಳಿಗೆ ತಾಗಿದೆ. ಸೀಮೆಸುಣ್ಣ ಕೈಯಲ್ಲೇ ಇತ್ತು. ಗೀಟು ಬೀಳದೆ ಉಳಿದಿದ್ದು ಇನ್ನೊಂದೇ ಭಾಗ.

ಅವನು ಬೆಪ್ಪಾಗಿ ಕೂತ. ನಾಯಿಯ ಊಳು ನೆನಪಾಯಿತು. ಅಂಗಡಿಯವನ ಕಿವಿಯಲ್ಲಿದ್ದ ಬೆರಳು, ಏರಿದ ಅವಳ ಭುಜ, ಸೂಜಿ ಎಂದ ಮಗಳು. ಎಲ್ಲರನ್ನೂ ಸುಳ್ಳು ಮಾಡಿ ತಾನೊಬ್ಬ ನಿಜವಾಗಿದ್ದ. ಗುಡುಗುಡು ಕೇಳುತ್ತದೆ, ಗುಂಯ್ ಕೇಳುತ್ತದೆ, ದಪ್ಪ ದನಿಯ ಮಗಳ ಮಾತೂ ಅಂಗಡಿಯವನ ಮಾತೂ ಕೇಳುತ್ತದೆ. ಕೇಳದೆ ಹೋದದ್ದು ತೆಳ್ಳಗಿನದು, ಎತ್ತರದ್ದು. ಆ ಕೆಂಪು ಯಂತ್ರ ಕಿರುಚುತ್ತಿದ್ದ ಎತ್ತರದಲ್ಲೇ ಅವನ ಹೆಂಡತಿಯ ದನಿಯೂ ಇತ್ತು. ಅವಳು ಮೌನಿಯಾಗಿರಲೇ ಇಲ್ಲ. ಕಿವಿಯಣ್ಣನಿಗೆ ಅಳು ಬಂತು, ಅವನು ತಡೆಯಲಿಲ್ಲ.

ಇಳಿದು, ಹಿಂದಿನ ಬಾಗಿಲಿಂದ ಹತ್ತಿ, ಅವಳ ಪಕ್ಕದಲ್ಲಿ ಕೂತ. ಅವಳು ಅವನ ಮುಖ ನೋಡಿ ಫೋನು ಕೆಳಗಿಟ್ಟಳು.

"ಲೈನ್ ಸರಿ ಇದೆ" ಎಂದ ಅವನು. "ಕೆಟ್ಟಿರೋದು ನಾನು. ಯಾವಾಗಿಂದ?"

ಅವಳು ಅವನ ಕಿವಿಯ ಹತ್ತಿರಕ್ಕೆ ಬಾಗಿ, ದನಿ ತಗ್ಗಿಸಿ, ದಪ್ಪ ಮಾಡಿ, ಬಿಡಿಸಿ ಬಿಡಿಸಿ ಹೇಳಿದಳು. "ತುಂಬ ದಿನ ಆಯ್ತು ರೀ. ಮಗಳ ಮದುವೆಗೂ ಮುಂಚೆ."

"ಹೇಳಬಾರದಿತ್ತೇನೇ?"

"ಏನಂತ ಹೇಳ್ಲಿ? ಇಡೀ ಆಸ್ಪತ್ರೆ ಕಿವಿಯಣ್ಣ, ಕಿವಿಯಣ್ಣ ಅಂತ ಕೂಗ್ತಿತ್ತು. ನೀವು ಆ ಹೆಸರು ಕೇಳಿ ಹಿಗ್ಗೋದನ್ನ ನೋಡ್ತಿದ್ದೆ. ಕೆಲಸ ಮುಗೀಲಿ, ಆಮೇಲೆ ಹೇಳೋಣ ಅಂದುಕೊಂಡೆ. ಅಷ್ಟು ಹೊತ್ತಿಗೆ ನನಗೇ ಸುಮ್ಮನಿರೋದು ರೂಢಿಯಾಗಿತ್ತು. ಪ್ರತಿಯೊಂದನ್ನೂ ಕೂಗಿ ಹೇಳಬೇಕು ಅಂದ್ರೆ, ಹೇಳಬೇಕಾದ್ದು ಎಷ್ಟು ಕಡಿಮೆ ಅನ್ನಿಸಿಬಿಡುತ್ತೆ ಗೊತ್ತಾ?"

"ನಿಂಗೆ ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ."

"ಸಿಟ್ಟೂ ಇತ್ತು" ಎಂದಳು ಅವಳು, ಮುಚ್ಚುಮರೆ ಇಲ್ಲದೆ. "ಆ ಮುಚ್ಚಳಾನ ಫ್ಲಾಸ್ಕಿಗೆ ಹಾಕಬೇಡಿ ಅಂತ ಬಡ್ಕೊಂಡೆ. ಆಗ ಕೇಳಿಸ್ತಿತ್ತು ನಿಮಗೆ. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ."

ಅವನು ತಲೆ ತಗ್ಗಿಸಿದ. ಅವಳೇ ಮುಂದುವರಿಸಿದಳು.

"ಜನರೇಟರ್ ಸದ್ದಿದ್ರೆ ಬರಲ್ಲ ಅಂದೆನಲ್ಲ. ನನಗೆ ಸದ್ದೇನು ಹೊಸದಾ? ಯಾವುದಾದ್ರೂ ಸದ್ದಿಲ್ಲದ ಜಾಗಕ್ಕೆ ಹೋದ್ರೆ, ಅಲ್ಲಿ ನಾನು ಮಾತಾಡಿದ್ದು ನಿಮಗೆ ಕೇಳಿಸಬಹುದೇನೋ ಅಂತ ಆಸೆ ಇತ್ತು ಅಷ್ಟೆ."

ಕಿವಿಯಣ್ಣ ಅವಳ ಕೈ ಹಿಡಿದುಕೊಂಡ. ಸೀಮೆಸುಣ್ಣದ ಪುಡಿ ಅವಳ ಕೈಗೂ ಹತ್ತಿತು.

ಕಿವಿಯ ಡಾಕ್ಟರ ಕೋಣೆಗೆ ಕಿವಿಯಣ್ಣ ಬಂದಿದ್ದಾನೆಂಬ ಸುದ್ದಿ ಆಸ್ಪತ್ರೆಯಲ್ಲಿ ಬೆಂಕಿಯಂತೆ ಹಬ್ಬಿತು. ನರ್ಸುಗಳು ಒಬ್ಬೊಬ್ಬರಾಗಿ ನೆಪ ಹುಡುಕಿಕೊಂಡು ಇಣುಕಿ ಹೋದರು. ಅಂದು ಹೊಟ್ಟೆ ಹಿಡಿದು ನಕ್ಕಿದ್ದ ಡಾಕ್ಟರು ಇಂದು ನಗಲಿಲ್ಲ. "ಫ್ಲಾಸ್ಕಿನ ಮಾತಿಗೆ ನಾನು ನಗಬಾರದಿತ್ತು" ಎಂದು ಅವರೇ ಹೇಳಿದರು. ಕಿವಿಗೆ ಸಿಕ್ಕಿಸುವ ಪುಟ್ಟ ಯಂತ್ರಗಳನ್ನು ಕೊಟ್ಟರು. ಹೋದದ್ದು ಪೂರ್ತಿ ಬರುವುದಿಲ್ಲ, ಇದ್ದಷ್ಟನ್ನು ದೊಡ್ಡದು ಮಾಡಿ ಕೊಡುತ್ತವೆ, ಅಭ್ಯಾಸಕ್ಕೆ ತಾಳ್ಮೆ ಬೇಕು ಎಂದರು. ಕಿವಿಯಣ್ಣನಿಗೆ ತಾಳ್ಮೆ ಎಲ್ಲಿಯದು? ಕಾಗದ ಮಡಿಸಿದರೆ ಗುಡುಗು, ಚಮಚ ಬಿದ್ದರೆ ಸಿಡಿಲು ಎಂದು ಮೊದಲ ವಾರವಿಡೀ ಸಿಡಿಮಿಡಿಗೊಂಡ. "ನಾನು ಅಗಿಯೋದು ಇಷ್ಟು ಅಸಹ್ಯವಾಗಿ ಕೇಳಿಸುತ್ತಾ? ಇಷ್ಟು ವರ್ಷ ಹೇಗೆ ಎದುರಿಗೆ ಕೂತು ಉಂಡೆ?" ಎಂದು ಹೆಂಡತಿಯನ್ನೇ ಕೇಳಿದ. ಅವಳು ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಆ ನಗು ಅವನಿಗೆ ಸ್ವಲ್ಪ ಒಡಕಾಗಿ, ತಗಡಿನ ಮೇಲೆ ಬಿದ್ದಂತೆ ಕೇಳಿಸಿತು. ಆದರೆ ಕೇಳಿಸಿತು.

ಆಮೇಲೆ ಕೆಂಪು ಯಂತ್ರವನ್ನು ಹೊತ್ತು ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಅವರನ್ನು ಕಂಡೊಡನೆ, "ಅಣ್ಣಾ, ನಾನು ಅವತ್ತೇ ಹೇಳಬೇಕಿತ್ತು" ಎಂದು ಕೈ ಹಿಸುಕಿಕೊಂಡ.

"ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡಪ್ಪ. ಇವತ್ತು ಆರಿಸೋಳು ನಿಮ್ಮತ್ತಿಗೆ."

"ಬನ್ನಿ ಅತ್ತಿಗೆ" ಎಂದು ಅವನು ಕುರ್ಚಿ ಒರೆಸಿದ.

ಫೋನಕ್ಕ ಅಂಗಳದ ನಡುವೆ ಕಣ್ಣು ಮುಚ್ಚಿ ಕೂತಳು. ಒಂದೊಂದೇ ಯಂತ್ರ ಹೊರಟಿತು. ಕಿವಿಯಣ್ಣ ಯಂತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಮೀಟರಿನ ಮುಳ್ಳು ನೋಡುವವನ ಹಾಗೆ ಹೆಂಡತಿಯ ಹುಬ್ಬನ್ನೇ ನೋಡುತ್ತ ನಿಂತ. ಹಳದಿಗೆ ಹುಬ್ಬು ಹಾರಿತು. ಬೇರೆ ಎರಡಕ್ಕೆ ಗಂಟಾಯಿತು. ಬೂದು ಬಣ್ಣದ್ದು ಹೊರಟಾಗ ಹುಬ್ಬು ಸಡಿಲಾಗಿ ತನ್ನ ಜಾಗಕ್ಕೆ ಬಂದು ಕೂತಿತು. ಅವಳು ಕಣ್ಣು ತೆರೆದು, "ಇದು ಪಾಪದ್ದು, ತನ್ನ ಪಾಡಿಗೆ ತಾನು ಗೊಣಗುತ್ತೆ. ನಿಮ್ಮ ಥರಾನೇ" ಎಂದಳು. ಅಂಗಡಿಯವನು ನಗು ತಡೆಯಲಾರದೆ ಒಳಗೆ ಓಡಿದ.

ಮನೆಗೆ ತಂದು ಗೂಡಿನಲ್ಲಿ ಕೂರಿಸಿ ಚಾಲೂ ಮಾಡಿದ ಮೇಲೆ ಕಿವಿಯಣ್ಣ ಕಾಂಪೌಂಡಿನ ಮೇಲಿಂದ ಇಣುಕಿದ. ಪಕ್ಕದ ಮನೆಯ ನಾಯಿ ಒಂದು ಕಣ್ಣು ತೆರೆದು ಅವನನ್ನು ನೋಡಿ, ಮುಚ್ಚಿತು. ಅವನು ಯಂತ್ರದ ಮೈಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದ.

ಹೊರಟ ದಿನ ಸಂಜೆಗೆ ಅವರು ತಲುಪಿದ್ದು ನೀರಿನ ಪಕ್ಕದ ಒಂದು ಖಾಲಿ ಬಯಲು. ಬೇರೆ ಗಾಡಿಯಿಲ್ಲ, ಮನೆಯಿಲ್ಲ. ಕಿವಿಯಣ್ಣ ಎಂಜಿನ್ ನಿಲ್ಲಿಸಿದ. ಹೊತ್ತು ಮುಳುಗಿ ಒಳಗೆ ಮಬ್ಬಾಗುತ್ತಿತ್ತು. ಇಳಿದು ಜನರೇಟರ್ ಹಾಕಬೇಕು, ದೀಪ ಬೇಕು, ಫ್ಯಾನು ಬೇಕು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಎದುರಿಗಿದ್ದ ಕೆಂಪು ದೀಪ ಹತ್ತಿತು.

ರಿಸೀವರು ಎತ್ತಿದ. ಕಿವಿಯ ಯಂತ್ರಕ್ಕೆ ತಾಗಿ ಕುಂಯ್ ಎಂದಿತು. ಸ್ವಲ್ಪ ದೂರ ಹಿಡಿದ.

"ನೆಲಮಾಳಿಗೆಯಾ?" ಎಂದಿತು ತೆಳ್ಳಗಿನ ದನಿ. "ಮೇಲೆ ಕತ್ತಲಾಗಿದೆ."

ಈಗ ಬಂತು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡ.

"ಇರ್ಲಿ ಬಿಡು, ಕತ್ತಲೆ" ಎಂದ. "ಅವತ್ತು ಬೆಳಿಗ್ಗೆ ಈ ಫೋನಲ್ಲಿ ಏನೋ ಹೇಳ್ತಿದ್ದೆಯಲ್ಲ, ಅದನ್ನ ಮೊದಲಿಂದ ಹೇಳು."

ಆ ಕಡೆ ಒಂದು ಕ್ಷಣ ಏನೂ ಇರಲಿಲ್ಲ. ಅವನು ಗಾಬರಿಯಾಗಲಿಲ್ಲ, ಜೇಬಿಗೆ ಕೈ ಹಾಕಲಿಲ್ಲ, ಕಾದ. ಆಮೇಲೆ ಫೋನಕ್ಕ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು. ಅರ್ಧ ಅವನಿಗೆ ಸಿಕ್ಕಿತು, ಸಿಗದ ಕಡೆಯಲ್ಲೆಲ್ಲ "ಇನ್ನೊಂದ್ಸಲ" ಎಂದ, ಅವಳು ಇನ್ನೊಂದು ಸಲ ಹೇಳಿದಳು. ಜನರೇಟರ್ ಹಾಕುವುದು ಇಬ್ಬರಿಗೂ ನೆನಪಾದದ್ದು ಹಸಿವಾದ ಮೇಲೆ.